ಮಡಚಿದ ಎರಡು ಬೆರಳು

ಮನೆಯಿಂದ, ಕಿಟಕಿ ಪಕ್ಕದ ಮೇಜು
ಮಾರ್ಚ್ ಒಂಬತ್ತು, ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಪೆನ್ನು ಹಿಡಿದೆ, ಕೈ ಮಗಳೇ ಎಂದು ಬರೆಯಿತು. ಹೊಡೆದುಹಾಕಿ ತಿದ್ದುವುದಿಲ್ಲ, ಹಾಗೇ ಇರಲಿ. ಹೇಗಿದ್ದೀಯ? ಸೊಂಟದ ನೋವು ಸ್ವಲ್ಪವಾದರೂ ಇಳಿಯಿತೇ? ಬೆಳಗಿನಿಂದ ನಿಂತೇ ಜನರ ರಕ್ತ ತೆಗೆಯುವ ಕೆಲಸ ನಿನ್ನದು. ನಡುವೆ ಒಂದು ಸ್ಟೂಲ್ ಎಳೆದುಕೊಂಡು ಕೂತರೆ ಆಸ್ಪತ್ರೆಯೇನೂ ಮುಳುಗಿಹೋಗುವುದಿಲ್ಲ. ನಿನಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ ಎಂದು ಗೊತ್ತಿದ್ದೂ ಹೇಳುತ್ತೇನೆ. ಗುಬ್ಬಿಯ ಕೆಮ್ಮು ಹೋಯಿತೇ? ಹೋದ ವಾರ ಫೋನಿನಲ್ಲಿ ಅವಳ ದನಿ ಕೇಳಿದರೆ ಯಾರೋ ಮುದುಕಪ್ಪ ಮಾತಾಡಿದ ಹಾಗಿತ್ತು. ಮಲಗುವ ಮೊದಲು ಬಿಸಿನೀರು ಕುಡಿಸು, ಕುಡಿಯದಿದ್ದರೆ ಅಜ್ಜಿಯ ಹೆಸರು ಹೇಳಿ ಹೆದರಿಸು. ನಾನು ಚೆನ್ನಾಗಿದ್ದೇನೆ. ಬಲಭುಜ ಮಾತ್ರ ಎಂದಿನಂತೆ ಮೊಂಡು ಹಿಡಿದಿದೆ, ಅರ್ಧಕ್ಕೆ ಬಂದು ನಿಲ್ಲುತ್ತದೆ, ಆಚೆಗೆ ಚಾಚುವುದಿಲ್ಲ. ಅದು ಹತ್ತು ವರ್ಷದ ಹಳೆಯ ಕಥೆ, ನಿನಗೆ ಗೊತ್ತಿರುವುದೇ. ಪ್ರಿಂಟಿಂಗ್ ಪ್ರೆಸ್ಸಿಗೆ ಈಗಲೂ ದಿನಾ ಹೋಗುತ್ತೇನೆ. ಇನ್ನು ಸಾಕು, ಮನೆಯಲ್ಲಿ ಆರಾಮಾಗಿರಿ ಎಂದು ಯಜಮಾನರು ಆಗಾಗ ಅನ್ನುತ್ತಾರೆ. ಮನೆಯಲ್ಲಿ ಕೂತು ಯಾರ ಮುಖ ನೋಡಲಿ? ಹಾಳೆ ಮಡಿಸುವ ಮಡಿಕೆ ಮೇಜಿನ ಮುಂದೆ ಕೂತರೆ ಕಾಗದವಾದರೂ ಹೇಳಿದ ಮಾತು ಕೇಳುತ್ತದೆ.

ಈ ಪತ್ರ ಲ್ಯಾಪ್‌ಟಾಪಿನ ಜೊತೆಗೇ ನಿನ್ನ ಕೈಸೇರುತ್ತದೆ. ಗುಬ್ಬಿ ಕೇಳಿದ್ದಳಲ್ಲ, ಅಪ್ಪನ ಲ್ಯಾಪ್‌ಟಾಪ್ ಕಳಿಸು ಅಜ್ಜಿ, ಶಾಲೆಯಲ್ಲಿ ಬರೆಯುವುದಕ್ಕೆ ಬೇಕು ಅಂತ. ಮೂರು ಪದರ ರಟ್ಟು ಸುತ್ತಿ, ಮೂಲೆಮೂಲೆಗೂ ಕಾಗದದ ಚೂರು ತುರುಕಿ ಕಟ್ಟಿದ್ದೇನೆ. ಮೂವತ್ತೆರಡು ವರ್ಷ ಪುಸ್ತಕ ಕಟ್ಟಿದವಳು ಒಂದು ಡಬ್ಬಿ ಕಟ್ಟಲಾರೆನೇ. ಆದರೆ ಅದನ್ನು ತೆರೆಯುವ ಮೊದಲು ಇದನ್ನು ಓದು, ಗುಬ್ಬಿ ಹತ್ತಿರ ಇಲ್ಲದಾಗ ಓದು. ನಿನಗೆ ಒಂದು ಮಾತು ಹೇಳಬೇಕಾಗಿದೆ. ಏಳು ವರ್ಷದಿಂದ ನಾಲಿಗೆಯ ತುದಿಗೆ ಬಂದು ವಾಪಸು ಹೋಗುತ್ತಿರುವ ಮಾತು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ನನಗೆ ಧೈರ್ಯ ಸಾಲುವುದಿಲ್ಲ. ನೀನಾದರೂ ಎಂಥವಳು, ಫೋನ್ ಮಾಡುವ ಮೊದಲು ಒಂದು ಮೆಸೇಜು ಕಳಿಸಿ ಕೇಳುತ್ತೀಯ. ಪ್ರತಿ ಭಾನುವಾರ ಅದೇ ಮಾತು: "ಅತ್ತೆ, ಕೈಯಲ್ಲಿ ಏನೂ ಕೆಲಸ ಇಲ್ಲ ತಾನೇ? ಫೋನ್ ಮಾಡಲಾ?" ಇಲ್ಲ ಎಂದು ನಾನು ಬರೆದ ಮೇಲೇ ನಿನ್ನ ಫೋನ್ ಬರುತ್ತದೆ. ಹೋದ ತಿಂಗಳು ಗುಬ್ಬಿ ತಾನೇ ಫೋನ್ ಹಿಡಿದಾಗ ಅವಳೂ ಅದನ್ನೇ ಕೇಳಿದಳು, ಮೊದಲು ಬರೆದು ಕೇಳಿದಳು. ಎಂಟು ವರ್ಷದ ಮಗು ತನ್ನ ಅಜ್ಜಿಗೆ ಫೋನ್ ಮಾಡಲು ಹೆದರುತ್ತದೆ. ಅವತ್ತು ನನಗೆ ಅನ್ನ ಇಳಿಯಲಿಲ್ಲ.

ಹೇಳುತ್ತೇನೆ. ಆದರೆ ನನ್ನ ದಾರಿಯಲ್ಲೇ ಬರುತ್ತೇನೆ, ಸ್ವಲ್ಪ ತಾಳಿಕೋ.

ಮಗ ತೀರಿಹೋಗಿ, ನೀನೂ ಗುಬ್ಬಿಯೂ ಊರು ಬಿಟ್ಟ ಮೇಲೆ ಆ ಲ್ಯಾಪ್‌ಟಾಪ್ ಅವನ ಮೇಜಿನ ಮೇಲೇ ಇತ್ತು. ನಾನು ದಿನಾ ಒರೆಸುತ್ತಿದ್ದೆ, ತೆರೆಯುತ್ತಿರಲಿಲ್ಲ. ಆಮೇಲೆ ಒಂದು ದಿನ ಗುಬ್ಬಿಯ ಫೋಟೋ ನೋಡಬೇಕೆನಿಸಿ ತೆರೆದೆ. ನೆನಪಿದೆಯಾ, ಅದರಲ್ಲಿ ಫೋಟೋ ನೋಡಲು ನನಗೆ ಕಲಿಸಿದವನು ಅವನೇ, ಭಾನುವಾರದ ಬೆಳಿಗ್ಗೆಗಳಲ್ಲಿ. ನೀನು ಬಾಗಿಲಲ್ಲಿ ನಿಂತು, ತಾಯಿ ಮಗ ಇಬ್ಬರೂ ಕಂಪ್ಯೂಟರ್ ಪರೀಕ್ಷೆಗೆ ಕೂತಿದ್ದಾರೆ ಎಂದು ನಗುತ್ತಿದ್ದೆ. ಅದಕ್ಕೆ ಮೌಸ್ ಇಲ್ಲ, ಕೀಲಿಗಳ ಕೆಳಗೆ ಸ್ಲೇಟಿನಂಥ ಒಂದು ಚೌಕ, ಟ್ರ್ಯಾಕ್‌ಪ್ಯಾಡ್. ಅದರ ಮೇಲೆ ಬೆರಳು ಎಳೆದರೆ ಬಾಣದ ಗುರುತು ಓಡುತ್ತದೆ. ಮೆಲ್ಲಗೆ ತಟ್ಟಿದರೆ ಏನೂ ಆಗುವುದಿಲ್ಲ, ಟಕ್ ಎನ್ನುವ ತನಕ ಒತ್ತಬೇಕು. ಎರಡು ಸಲ ಟಕ್ ಎಂದರೆ ಫೋಟೋ ತೆರೆಯುತ್ತದೆ. ಎರಡು ಬೆರಳು ಜೋಡಿಸಿ ಎಳೆದರೆ ಪುಟ ಮೇಲೆ ಕೆಳಗೆ ಸರಿಯುತ್ತದೆ. ಇನ್ನೊಂದು ಇತ್ತು: ಚೌಕದ ಎಡಗಡೆಯ ಕೆಳಮೂಲೆಯನ್ನು ಹೆಬ್ಬೆರಳಿಂದ ಒತ್ತಿದರೆ ಒಂದು ಸಣ್ಣ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಅದರಲ್ಲಿ ಬೇಕಾದ್ದನ್ನು ಆರಿಸಬೇಕು. ಅದಕ್ಕೆ ರೈಟ್ ಕ್ಲಿಕ್ ಎನ್ನುತ್ತಾರೆ. ಎಡಗಡೆ ಒತ್ತುವುದಕ್ಕೆ ರೈಟ್ ಅಂತ ಯಾಕೆ ಹೆಸರು ಎಂದು ಕೇಳಿದ್ದೆ. "ಅಮ್ಮಾ, ಆ ಮೂಲೆ ನಂದು, ನೀನು ಅಲ್ಲಿಗೆ ಹೋಗಬೇಡ" ಅಂದಿದ್ದ. ನಾನು ಹೋಗಲಿಲ್ಲ. ಆ ಪಟ್ಟಿ ಬಿಚ್ಚಿಕೊಂಡರೆ ಏನೋ ಕೆಟ್ಟುಹೋಯಿತೆಂದು ಹೆದರಿ ಮುಚ್ಚಿಬಿಡುತ್ತಿದ್ದೆ.

ಗುಬ್ಬಿ ಅವಳಪ್ಪನ ಜೊತೆಗಿನ ಫೋಟೋಗಳನ್ನೆಲ್ಲ ಕೇಳಿದ್ದಳಲ್ಲ, ಅವನ್ನೆಲ್ಲ ಒಂದೇ ಕಡೆ ಸೇರಿಸಿ ಇಡೋಣವೆಂದು ಗ್ರಂಥಾಲಯದ ಕ್ಲಾಸಿಗೆ ಸೇರಿಕೊಂಡೆ. ನಮ್ಮ ಬೀದಿಯ ತಿರುವಿನಲ್ಲಿರುವ ಗ್ರಂಥಾಲಯವೇ, ನೀನು ಮಳೆ ಬಂದಾಗ ನಿಲ್ಲುತ್ತಿದ್ದೆಯಲ್ಲ. ಮೇಲಿನ ಕೋಣೆಯಲ್ಲಿ ಮಂಗಳವಾರ, ಶುಕ್ರವಾರ ವಯಸ್ಸಾದವರಿಗೆ ಕಂಪ್ಯೂಟರ್ ಹೇಳಿಕೊಡುತ್ತಾರೆ. ಹೇಳಿಕೊಡುವವನು ನಿನಗಿಂತ ಚಿಕ್ಕವನು, ನಾವು ಏಳೆಂಟು ಮಂದಿ ಅವನನ್ನು ಮೇಷ್ಟ್ರೇ ಎಂದರೆ ಕಿವಿ ಕೆಂಪಾಗುತ್ತದೆ. ನನ್ನ ಪಕ್ಕದಲ್ಲಿ ರಿಟೈರಾದ ಬಸ್ ಡ್ರೈವರು, ಆ ಮಹಾರಾಯ ಟ್ರ್ಯಾಕ್‌ಪ್ಯಾಡನ್ನು ಬ್ರೇಕ್ ಒತ್ತಿದಂತೆ ಒತ್ತುತ್ತಾನೆ. ಮೊದಲ ದಿನ ನಾನು ಜಂಬದಿಂದಲೇ ಕೂತೆ, ನನಗೆ ಆಗಲೇ ಅರ್ಧ ಬರುತ್ತದಲ್ಲ ಎಂದು. ಮೇಷ್ಟ್ರು ಒಬ್ಬೊಬ್ಬರ ಹತ್ತಿರ ಬಂದು ನೋಡುತ್ತಾ ನನ್ನ ಹತ್ತಿರ ನಿಂತ. ಬಗ್ಗಿ ನನ್ನ ಕೈ ನೋಡಿದ. ಆಮೇಲೆ ಮೆಲ್ಲಗೆ, "ಅಮ್ಮಾ, ನಿಮ್ಮ ಬೆರಳಿಗೆ ಏಟಾಗಿದೆಯಾ?" ಅಂದ.

ಇಲ್ಲವಲ್ಲ ಎಂದೆ. ಕೈ ನೋಡಿಕೊಂಡೆ. ಮಗಳೇ, ನನ್ನ ಬಲಗೈಯ ತೋರುಬೆರಳೂ ನಡುಬೆರಳೂ ಅಂಗೈಯೊಳಗೆ ಮಡಚಿಕೊಂಡಿದ್ದವು. ಉಂಗುರದ ಬೆರಳಿಂದ ಬಾಣ ಎಳೆಯುತ್ತಿದ್ದೆ. ಉಂಗುರದ ಬೆರಳು, ಕಿರುಬೆರಳು ಜೋಡಿಸಿ ಪುಟ ಸರಿಸುತ್ತಿದ್ದೆ. ಹೆಬ್ಬೆರಳು ಎಡಮೂಲೆಯ ಹತ್ತಿರ ಕಾಯುತ್ತಾ ಕೂತಿತ್ತು. ಐದು ವರ್ಷದಿಂದ ನಾನು ಹೀಗೇ ಮಾಡುತ್ತಿದ್ದೇನೆ, ಲ್ಯಾಪ್‌ಟಾಪ್ ಹಿಡಿಯುವುದೇ ಹೀಗೆ ಎಂದುಕೊಂಡಿದ್ದೆ. ನಮ್ಮ ಕೆಲಸ ಬಾಯಲ್ಲಿ ಹೇಳಿಕೊಟ್ಟು ಬರುವಂಥದ್ದಲ್ಲ. ಕಾಗದ ಮಡಿಸುವುದನ್ನು, ಹೊಲಿಯುವುದನ್ನು, ಅಂಟು ಹಚ್ಚುವುದನ್ನು ಪಕ್ಕದವಳ ಕೈ ನೋಡಿ ಕಲಿತವಳು ನಾನು, ಮುಖ ನೋಡಿ ಅಲ್ಲ. ಮಗ ಕಲಿಸುವಾಗಲೂ ಅವನ ಕೈಯನ್ನೇ ನೋಡಿದೆ, ಕೈ ಹೇಗಿತ್ತೋ ಹಾಗೇ ಮಾಡಿದೆ. ಅವನಿಗೆ ಆ ಎರಡು ಬೆರಳು ಇರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆಯಲಿಲ್ಲ ಎನ್ನುವುದು ಎಷ್ಟು ವಿಚಿತ್ರ ನೋಡು, ಹಗಲಿಡೀ ಅದನ್ನೇ ಯೋಚಿಸುತ್ತಿದ್ದವಳಿಗೆ. ಒಂದು ಭಾನುವಾರ ಅವನು ನನ್ನ ಮಡಚಿದ ಬೆರಳುಗಳನ್ನು ಹಿಡಿದು ಒಂದೊಂದಾಗಿ ಬಿಡಿಸಿ, "ನಿನಗೆ ಐದೂ ಇವೆಯಲ್ಲಮ್ಮಾ" ಅಂದಿದ್ದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕಿದ್ದೆ. ಗ್ರಂಥಾಲಯದ ಬೆಂಚಿನ ಮೇಲೆ ಅದು ಅರ್ಥವಾಯಿತು. ಪಾಪ, ಆ ಮೇಷ್ಟ್ರು ನೀರು ತಂದುಕೊಟ್ಟ, ಬಸ್ ಡ್ರೈವರು ಫ್ಯಾನು ಹಾಕಿದ.

ಮೇಷ್ಟ್ರು ಲ್ಯಾಪ್‌ಟಾಪ್ ನೋಡಿ ಎಲ್ಲ ಬಿಡಿಸಿ ಹೇಳಿದ. ಎಲ್ಲರ ಲ್ಯಾಪ್‌ಟಾಪಿನಲ್ಲೂ ಎರಡು ಬೆರಳಿಂದ ಒಟ್ಟಿಗೆ ತಟ್ಟಿದರೆ ರೈಟ್ ಕ್ಲಿಕ್ ಆಗುತ್ತದಂತೆ, ಮೆಲ್ಲಗೆ ತಟ್ಟಿದರೂ ಸಾಕಂತೆ. ಇದರಲ್ಲಿ ಯಾರೋ ಅದನ್ನೆಲ್ಲ ತೆಗೆದುಹಾಕಿ ಎಡಮೂಲೆಗೆ ಇಟ್ಟುಕೊಂಡಿದ್ದಾರೆ, ಬೇಕಿದ್ದರೆ ಮೊದಲಿನ ಹಾಗೆ ಮಾಡಿಕೊಡುತ್ತೇನೆ, ಒಂದು ನಿಮಿಷದ ಕೆಲಸ ಎಂದ. ಬೇಡಪ್ಪಾ ಎಂದು ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ನನ್ನ ಮಗನ ಉಂಗುರದ ಬೆರಳು ಸರಿಯಾಗಿ ಏಳುತ್ತಿರಲಿಲ್ಲ, ಬೇಡವಾದಲ್ಲೆಲ್ಲ ತಾಕುತ್ತಿತ್ತು, ಅದಕ್ಕೇ ಮೆಲ್ಲಗೆ ತಟ್ಟುವುದನ್ನು ತೆಗೆದುಹಾಕಿದ್ದ. ಉಳಿದ ಹೆಬ್ಬೆರಳಿಗೆ ಹತ್ತಿರವಾದ ಮೂಲೆ ಅದೊಂದೇ. ಬಟ್ಟೆ ಸವೆದು ಮೈಗೆ ಹೊಂದಿಕೊಂಡ ಹಾಗೆ ಆ ಯಂತ್ರ ಅವನ ಕೈಗೆ ಹೊಂದಿಕೊಂಡಿತ್ತು. ಅವನ ಬಟ್ಟೆಗಳನ್ನು ನೀನು ಯಾರಿಗಾದರೂ ಕೊಡಿ ಅತ್ತೆ ಎಂದೆ, ಕೊಟ್ಟೆ. ಇದನ್ನು ಕೊಡಲು ಆಗಲಿಲ್ಲ.

ಇನ್ನು ಮುಖ್ಯವಾದದ್ದಕ್ಕೆ ಬರುತ್ತೇನೆ. ಎರಡು ವಾರದ ಹಿಂದೆ ಫೋಟೋಗಳನ್ನೆಲ್ಲ ಒಂದೇ ಫೋಲ್ಡರಿಗೆ ಸೇರಿಸಿ, ಅದನ್ನು ಒತ್ತಿ ಹಿಡಿದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆಯುತ್ತಿದ್ದೆ. ನಡುದಾರಿಯಲ್ಲಿ ಹೆಬ್ಬೆರಳು ಜಾರಿತು. ಫೋಲ್ಡರ್ ಮಾಯ. ಗುಬ್ಬಿ ಹುಟ್ಟಿದ ದಿನದಿಂದ ಅವನ ಕೊನೆಯ ಭಾನುವಾರದ ತನಕ ಎಲ್ಲ ಅದರಲ್ಲೇ ಇತ್ತು. ಎದುರಿಗೆ ಅವನ ಖಾಲಿ ಕುರ್ಚಿ, ಅದಕ್ಕೆ ಕ್ಷಮೆ ಕೇಳಿದೆ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು, ಕ್ಲಾಸಿಲ್ಲದ ದಿನವಾದರೂ ಗ್ರಂಥಾಲಯಕ್ಕೆ ಓಡಿದೆ. ಮೇಷ್ಟ್ರು ನಕ್ಕ. ಅದು ಕಸದ ಬುಟ್ಟಿಗೆ ಬಿದ್ದಿದೆ, ಬುಟ್ಟಿ ಖಾಲಿ ಮಾಡದಿದ್ದರೆ ಎಲ್ಲೂ ಹೋಗಿರುವುದಿಲ್ಲ, ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ಪಟ್ಟಿಯಲ್ಲಿ ವಾಪಸು ಕಳಿಸು ಅಂತ ಬರುತ್ತದೆ ಎಂದ. ನನಗೆ ಆ ಮೂಲೆ ಒತ್ತಲು ಭಯವೆಂದು ಅವನಿಗೆ ಗೊತ್ತಾಯಿತು. ಸುಲಭದ ದಾರಿ ಇದೆ ಎಂದ. "ಎಡಗೈಲಿ ಈ ಕಂಟ್ರೋಲ್ ಕೀ ಒತ್ತಿಕೊಳ್ಳಿ, ಬಿಡಬೇಡಿ. ಬಲಗೈಲಿ ಒತ್ತಿ. ಎರಡೂ ಒಟ್ಟಿಗೆ."

ಎಡಗೈ ಇಟ್ಟೆ. ಬಲಗೈ ಇಡಲು ಹೋಗಿ ತಟ್ಟನೆ ಎರಡನ್ನೂ ತೆಗೆದುಬಿಟ್ಟೆ.

ನೀನು ಪ್ರೆಸ್ಸಿನ ಕಟಿಂಗ್ ಮೆಷಿನ್ ಹತ್ತಿರದಿಂದ ನೋಡಿದವಳಲ್ಲ. ಅದಕ್ಕೂ ಎರಡು ಗುಂಡಿಗಳಿವೆ, ಎಡಕ್ಕೊಂದು, ಬಲಕ್ಕೊಂದು, ಒಂದಕ್ಕೊಂದು ದೂರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ. ಕತ್ತರಿಸುವವನ ಎರಡು ಕೈಯೂ ಗುಂಡಿಯ ಮೇಲೇ ಇರಲಿ, ಅಲಗಿನ ಕೆಳಗೆ ಹೋಗದಿರಲಿ ಎಂದು ಮಾಡಿದ ಏರ್ಪಾಡು. ಅಲ್ಲಿ ಕತ್ತರಿಸುತ್ತಿದ್ದ ನನ್ನ ಮಗನಿಗೆ ಒಂದು ಅಭ್ಯಾಸವಿತ್ತು. ಎಡ ಅಂಗೈ ಎಡಗುಂಡಿಯ ಮೇಲೆ ಊರಿಕೊಂಡೇ ಬಲಗೈಯಿಂದ ಕಾಗದದ ಕಟ್ಟು ಸರಿಪಡಿಸುತ್ತಿದ್ದ. ತಪ್ಪೇನಿಲ್ಲ, ಬಲಗುಂಡಿ ಒತ್ತುವ ತನಕ ಅಲಗು ಇಳಿಯುವ ಮಾತೇ ಇಲ್ಲ. ಹತ್ತು ವರ್ಷ ಹಾಗೇ ಮಾಡಿದ್ದ. ಅವತ್ತೂ ಹಾಗೇ ನಿಂತಿದ್ದ. ಶಾಲೆ ಶುರುವಾಗುವ ಮೊದಲಿನ ವಾರ, ನೋಟ್‌ಬುಕ್ಕುಗಳ ರಾಶಿ, ಎಲ್ಲರಿಗೂ ಅವಸರ. ಜೇಬಿನಲ್ಲಿ ಫೋನ್ ರಿಂಗಾಯಿತು. ಗುಬ್ಬಿ ಮೊದಲ ಸಲ ಅಪ್ಪ ಅಂದಳೆಂದು, ಅವನ ಕಿವಿಗೂ ಬೀಳಲೆಂದು ನೀನು ಮಾಡಿದ ಫೋನ್. ಅವನು ಜೇಬಿನತ್ತ ವಾಲಿದ, ಎಡ ಅಂಗೈ ಒತ್ತಿತು, ಅಲಗು ಇಳಿಯಿತು. ನಿನಗೆ ಗೊತ್ತಿರುವುದು ಇಷ್ಟು. ಪ್ರೆಸ್ಸಿನವರಿಗೆ ಗೊತ್ತಿರುವುದೂ ಇಷ್ಟೇ. ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ಮಗುವನ್ನು ಎತ್ತಿಕೊಂಡು ಓಡಿಬಂದು, ಏನಾಯಿತು ಅತ್ತೆ ಎಂದಾಗ ನಾನು ಹೇಳಿದ್ದೂ ಅದನ್ನೇ. "ನಿನ್ನ ಫೋನ್ ಬಂತು." ಮೂರೇ ಮಾತು. ನಿನ್ನ ಮುಖ ನನ್ನ ಕಣ್ಣೆದುರೇ ಸತ್ತುಹೋಯಿತು, ನಾನು ಆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ನೀನು ಕೆಲಸದ ಹೊತ್ತಿನಲ್ಲಿ ಅವನಿಗೆ ಫೋನ್ ಮಾಡಲೇ ಇಲ್ಲ. ಗುಬ್ಬಿಗೆ ಜ್ವರ ಬಂದರೂ, ಮನೆಯ ನಲ್ಲಿ ಒಡೆದರೂ ಪ್ರೆಸ್ಸಿನ ಬಾಗಿಲ ತನಕ ನಡೆದು ಬಂದು, ನನ್ನನ್ನು ಹೊರಗೆ ಕರೆದು, ನನ್ನ ಬಾಯಲ್ಲಿ ಹೇಳಿ ಕಳಿಸುತ್ತಿದ್ದೆ. ಆಗ ಅವನು ಕಟಿಂಗ್ ಬಿಟ್ಟು ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಪುಟ ಜೋಡಿಸುತ್ತಿದ್ದ, ಫೋನ್ ಬಂದರೆ ಕತ್ತರಿಸಿಹೋಗುವಂಥದ್ದು ಅಲ್ಲಿ ಏನೂ ಇರಲಿಲ್ಲ. ಆದರೂ ನೀನು ಮಾಡಲಿಲ್ಲ. ಫೋನಿಂದ ಆಗಿದ್ದಲ್ಲ ಕಣೇ ಎಂದು ಅವನು ನಿನಗೆ ಎಷ್ಟು ಸಲ ಹೇಳಿದ್ದಾನೆ, ನಾನೇ ಕೇಳಿದ್ದೇನೆ. ಹಾಗಾದರೆ ಯಾವುದರಿಂದ ಎಂದು ನೀನು ಕೇಳಿದರೆ ಸುಮ್ಮನಾಗುತ್ತಿದ್ದ. ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದು ನೀನು ತಿಳಿದುಕೊಂಡೆ. ಒಲೆಯ ಮುಂದೆ ನಿಂತು ನಾನು ಕೇಳಿಸದವಳ ಹಾಗೆ ಇರುತ್ತಿದ್ದೆ. ಹೋದ ವರ್ಷ ಏಪ್ರಿಲಿನಲ್ಲಿ ಅವನು ಆ ಒಳಕೋಣೆಯಲ್ಲೇ ಎದೆ ಹಿಡಿದುಕೊಂಡು ಕುಸಿದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಎಲ್ಲ ಮುಗಿದ ಮೇಲೆ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ಒಂದು ಮಾತು ಹೇಳಿದೆ. "ಹನ್ನೊಂದು ಗಂಟೆಗೆ ಯಾಕೋ ಫೋನ್ ಮಾಡೋಣ ಅನ್ನಿಸ್ತು ಅತ್ತೆ. ಕೆಲಸದ ಹೊತ್ತು ಅಂತ ಬಿಟ್ಟೆ." ಡಾಕ್ಟರು ಹೇಳಿದ ಹೊತ್ತು ಅದೇ ಹನ್ನೊಂದು. ನೀನು ಮಾಡಿದ್ದರೆ ಅವನು ಎತ್ತುತ್ತಿರಲಿಲ್ಲ, ಎತ್ತದಿದ್ದರೆ ನೀನು ನನಗೆ ಮಾಡುತ್ತಿದ್ದೆ, ನಾನು ಒಳಗೆ ಹೋಗಿ ನೋಡುತ್ತಿದ್ದೆ. ಉಳಿಯುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಆದರೆ ನನ್ನ ತೊಡೆಯ ಮೇಲಿನ ಆ ತಲೆಯ ಭಾರ ಈ ಹನ್ನೊಂದು ತಿಂಗಳಲ್ಲಿ ಒಂದು ದಿನವೂ ಇಳಿದಿಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ಗ್ರಂಥಾಲಯದಲ್ಲಿದ್ದೆನಲ್ಲ. ಎರಡು ಕೈಯಿಂದ ಒತ್ತುವುದು ನನ್ನಿಂದಾಗದು ಎಂದೆ. ಸರಿ, ನಿಮ್ಮ ಮೂಲೆಯನ್ನೇ ಒತ್ತಿ ಎಂದ ಮೇಷ್ಟ್ರು. ಮಗನ ಆ ಮೂಲೆಗೆ ಹೆಬ್ಬೆರಳಿಟ್ಟು ಒತ್ತಿದೆ. ಟಕ್ ಎಂದಿತು, ಪಟ್ಟಿ ಬಿಚ್ಚಿಕೊಂಡಿತು, ಫೋಟೋಗಳು ಇದ್ದಲ್ಲಿಗೇ ವಾಪಸು ಹೋದವು. ಎಷ್ಟು ಸುಲಭ ನೋಡು, ಹೋದದ್ದು ಹೀಗೂ ಬರುತ್ತದೆ. ಆ ಬುಟ್ಟಿಯಲ್ಲಿ ಇನ್ನೂ ಏನೇನೋ ಇತ್ತು. ಅವನು ಬುಟ್ಟಿಯನ್ನು ಒಂದು ಸಲವೂ ಖಾಲಿ ಮಾಡಿಲ್ಲ. ಪ್ರೆಸ್ಸಿನಲ್ಲೂ ಹಾಗೇ ಅಲ್ಲವೇ ಅವನು, ಚೂರುಪಾರಿನ ಗೋಣಿಯನ್ನು ಒಂದು ಸಲ ಕೆದಕಿ ನೋಡದೆ ಎಸೆಯಲು ಬಿಡುತ್ತಿರಲಿಲ್ಲ, ಒಳ್ಳೆಯ ಹಾಳೆ ಸಿಕ್ಕರೆ ಗುಬ್ಬಿಗೆ ಚಿತ್ರ ಬರೆಯಲು ತರುತ್ತಿದ್ದ. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಹಳೆಯವು, ಹೇಳಿಕೆ ಎಂಬ ಹೆಸರಿನ ಎರಡು ಫೈಲುಗಳಿದ್ದವು. ತಾರೀಖು ನೋಡಿದೆ. ಬೆರಳು ಹೋಗಿ ನಾಲ್ಕು ತಿಂಗಳಾದ ಮೇಲೆ, ಲ್ಯಾಪ್‌ಟಾಪ್ ಬಂದ ಮೊದಲ ವಾರ. ಅದು ಹೇಗಾಯಿತೆಂದು ಬರೆದುಕೊಡಿ ಎಂದು ಕಾರ್ಖಾನೆ ತಪಾಸಣೆಯ ಆಫೀಸಿನವರು ಅವನನ್ನು ಕೇಳಿದ್ದರು. ಅವನು ಅದರಲ್ಲಿ ಮೊಟ್ಟಮೊದಲು ಬರೆದದ್ದೇ ಅದು, ಉಳಿದ ಮೂರು ಬೆರಳಿನಿಂದ.

ಅವೆರಡನ್ನು ಮೇಷ್ಟ್ರ ಮುಂದೆ ಮುಟ್ಟಲಿಲ್ಲ. ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಅದೇ ಮೂಲೆ ಒತ್ತಿ ಒಂದೊಂದಾಗಿ ಮೇಲೆ ತಂದೆ. ಮೊದಲನೆಯದು ಗಿಡ್ಡದ್ದು. ಅದರ ಕೊನೆಯ ಸಾಲುಗಳನ್ನು ಹಾಗೇ ಬರೆಯುತ್ತೇನೆ: "ಬಲಗಡೆಯ ಗುಂಡಿಗೆ ಮಡಚಿದ ರಟ್ಟಿನ ತುಂಡು ಸಿಕ್ಕಿಸಿದ್ದರಿಂದ ಅದು ಒತ್ತಿಕೊಂಡೇ ಇತ್ತು. ನಾನು ಅದನ್ನು ಗಮನಿಸಿರಲಿಲ್ಲ. ಎಡಗೈ ಒತ್ತಿದ ಕೂಡಲೇ ಅಲಗು ಇಳಿಯಿತು. ಆ ತುಂಡನ್ನು ಸಿಕ್ಕಿಸಿದವರು" ಅಷ್ಟೇ. ಮುಂದೆ ಖಾಲಿ. ಅಲ್ಲಿಗೆ ನಿಲ್ಲಿಸಿ ಬುಟ್ಟಿಗೆ ಹಾಕಿದ್ದಾನೆ. ಎರಡನೆಯದು ಪೂರ್ತಿ ಇದೆ, ಆಫೀಸಿಗೆ ಕೊಟ್ಟದ್ದು ಅದೇ ಇರಬೇಕು. "ಆ ತುಂಡನ್ನು ಸಿಕ್ಕಿಸಿದವನು ನಾನೇ. ತೆಗೆಯಲು ಮರೆತಿದ್ದೆ. ಆ ಹೊತ್ತಿಗೆ ಬಂದ ನನ್ನ ಹೆಂಡತಿಯ ಫೋನಿಗೂ ಇದಕ್ಕೂ ಸಂಬಂಧವಿಲ್ಲ. ಬೇರೆ ಯಾರ ತಪ್ಪೂ ಇಲ್ಲ." ಅದನ್ನೂ ಬುಟ್ಟಿಗೆ ಹಾಕಿದ್ದಾನೆ, ಮನೆಯಲ್ಲಿ ಯಾರ ಕಣ್ಣಿಗೂ ಬೀಳದಿರಲಿ ಎಂದು.

ಎರಡನೆಯದು ಸುಳ್ಳು. ಮೊದಲನೆಯದು ನಿಜ, ಆದರೆ ಅರ್ಧ. ಉಳಿದರ್ಧ ಬರೆಯಬೇಕೆಂದೇ ಇವತ್ತು ಪೆನ್ನು ಹಿಡಿದದ್ದು. ಬರೆಯುತ್ತೇನೆ.

ಲ್ಯಾಪ್‌ಟಾಪಿನ ಚಾರ್ಜರು ಡಬ್ಬಿಯ ಅಡಿಯಲ್ಲಿದೆ, ವೈರು ಬುಡದಲ್ಲಿ ಸ್ವಲ್ಪ ಸೀಳಿದೆ, ಟೇಪು ಸುತ್ತಿದ್ದೇನೆ, ಜೋಪಾನ. ಗುಬ್ಬಿಗೆ ಐದೂ ಬೆರಳಿವೆ, ಅವಳಿಗೆ ಎಲ್ಲರ ಹಾಗೆ ಎರಡು ಬೆರಳಿಂದ ತಟ್ಟುವುದೇ ಸುಲಭ. ಬದಲಾಯಿಸಿಕೊಡು, ನನ್ನದೇನೂ ಅಡ್ಡಿಯಿಲ್ಲ. ಬದಲಾಯಿಸುವ ಮೊದಲು ಒಂದೇ ಒಂದು ಸಲ ಅವಳ ಆ ಎರಡು ಬೆರಳನ್ನು ಮಡಚಿ ಹಿಡಿದು, ಅಪ್ಪ ಹೀಗೆ ಮಾಡುತ್ತಿದ್ದರು ಎಂದು ತೋರಿಸು. ಫೋಟೋದಲ್ಲಿ ಮುಖ ಸಿಗುತ್ತದೆ, ಕೈಯ ಓಡಾಟ ಸಿಗುವುದಿಲ್ಲ. ನನಗೆ ಚಿಂತೆಯಿಲ್ಲ, ಅದು ನನ್ನ ಕೈಯಲ್ಲಿದೆ. ಮೇಷ್ಟ್ರು ಎಷ್ಟು ಹೇಳಿದರೂ ನನ್ನ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ, ನಾನೂ ಬಿಡಿಸಲು ಹೋಗುವುದಿಲ್ಲ. ಫೋಟೋಗಳು "ಗುಬ್ಬಿ ಮತ್ತು ಅಪ್ಪ" ಎಂಬ ಫೋಲ್ಡರಿನಲ್ಲಿವೆ. ಹೇಳಿಕೆ ಎಂಬವೆರಡೂ ಪಕ್ಕದಲ್ಲೇ ಇವೆ, ಅವನ್ನು ಅವಳಿಗೆ ತೋರಿಸುವುದು ಬಿಡುವುದು ನಿನ್ನ ಇಷ್ಟ.

ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡೇ ತಿನ್ನಬೇಡ. ಗುಬ್ಬಿಯ ಎರಡು ಕೆನ್ನೆಗೂ ನನ್ನ ಮುತ್ತು. ನೀವಿಬ್ಬರೂ ತಣ್ಣಗಿರಿ. ನೀನು ಇನ್ನೂ ಚಿಕ್ಕವಳು, ನಿನ್ನ ಮುಂದಿನ ಬದುಕಿಗೆ ಯಾರ ಜೊತೆ ಬೇಕಾದರೂ ಹೇಗೆ ಬೇಕಾದರೂ ದಾರಿ ಮಾಡಿಕೋ, ನನ್ನ ಆಶೀರ್ವಾದ ಮೊದಲೇ ಇದೆ, ಕೇಳಬೇಕಾಗಿಲ್ಲ.

ಇಂತಿ,
ನಿನ್ನ ಅತ್ತೆ

ಮರೆತಿಲ್ಲ, ಡಬ್ಬಿಯ ಬಾಯಿ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಅವನು ನಿಲ್ಲಿಸಿದಲ್ಲಿಂದ ನಾನು ಮುಗಿಸಬೇಕು. ಆ ತುಂಡನ್ನು ಸಿಕ್ಕಿಸಿದವಳು ನಾನು. ಅವನು ಚಹಾಕ್ಕೆ ಹೋಗಿದ್ದ, ಬರುವುದು ತಡವಾಯಿತು, ಒಂದು ಕಟ್ಟು ನಾನೇ ಕತ್ತರಿಸಿಬಿಡೋಣ ಎಂದು ನಿಂತೆ. ಬಲಗುಂಡಿಗೆ ನನ್ನ ಭುಜ ಚಾಚಲಿಲ್ಲ. ರಟ್ಟಿನ ಚೂರು ಮಡಚಿ ಸಿಕ್ಕಿಸಿದೆ, ಕತ್ತರಿಸಿದೆ, ತೆಗೆಯುವುದನ್ನು ಮರೆತು ಮಡಿಕೆ ಮೇಜಿಗೆ ಹೋದೆ. ಅವನು ಕೂಗಿದಾಗ ಎಲ್ಲರೂ ಅವನ ಕೈ ಹಿಡಿದರು, ನಾನು ಮೊದಲು ಆ ಚೂರನ್ನು ಕಿತ್ತು ಗೋಣಿಗೆ ಹಾಕಿದೆ. ಹೆತ್ತವಳು ನಾನು, ಮೊದಲು ಮಾಡಿದ್ದು ಅದು. ಅವನು ನೋಡಿದ್ದನೆಂದು ಈ ಎರಡು ವಾರದಿಂದ ಗೊತ್ತು. ಚೂರಿನ ಮಡಿಕೆ ನೋಡಿಯೇ ಗುರುತಿಸಿರುತ್ತಾನೆ, ಮರದ ಪಟ್ಟಿಯಿಂದ ತೀಡಿ ಎರಡು ಸಲ ಮಡಚುವವಳು ಆ ಕೋಣೆಯಲ್ಲಿ ನಾನೊಬ್ಬಳೇ. ಆರು ವರ್ಷ ನನ್ನ ಕೈಯಡುಗೆ ಉಂಡ, ಒಂದು ದಿನವೂ ಮುಖ ತಿರುಗಿಸಲಿಲ್ಲ. ಫೋನ್ ನೂರು ಸಲ ರಿಂಗಾಗಿದ್ದರೂ ಏನೂ ಆಗುತ್ತಿರಲಿಲ್ಲ ಮಗಳೇ. ಕ್ಷಮಿಸು ಎಂದು ಬರೆಯುವ ಮುಖ ನನಗಿಲ್ಲ. ಡಬ್ಬಿ ಬುಧವಾರ ತಲುಪುತ್ತದಂತೆ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಮಡಿಕೆ ಮೇಜಿನ ಮುಂದೆ ಇರುತ್ತೇನೆ, ಎರಡೂ ಕೈಯಲ್ಲಿ ಕೆಲಸ ಇರುತ್ತದೆ. ಮೆಸೇಜು ಕಳಿಸಿ ಕೇಳಬೇಡ. ಆ ಹೊತ್ತಿಗೇ ಫೋನ್ ಮಾಡು, ಬೈಯುವುದಕ್ಕಾದರೂ ಸರಿ.